ಒಂದೇ ಗಲ್ಲದ ಧೂಳು

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷವಿದ್ದಾಗ ಬಾಗಿಲು ತೆರೆದೆವು. ಮೇಜಿನ ಮೇಲೆ ಕನಕಮ್ಮನ ಚಿತ್ರವಿತ್ತು. ಕನಕಮ್ಮನಿಗೆ ಕಣ್ಣಿರಲಿಲ್ಲ.

ಹಣೆ ಇತ್ತು. ಕುಂಕುಮವಿತ್ತು. ಏಳು ಹರಳಿನ ಮೂಗಬಟ್ಟು ಒಂದೊಂದು ಹರಳನ್ನೂ ಎಣಿಸುವಂತೆ ಇತ್ತು. ಹುಬ್ಬಿನ ಕೆಳಗೆ ಮಾತ್ರ, ರಬ್ಬರಿನಿಂದ ತಿಕ್ಕಿ ತಿಕ್ಕಿ ಜುಂಗೆದ್ದ ಎರಡು ಬಿಳಿ ಕುಳಿಗಳು.

ಅದನ್ನು ಬಿಡಿಸಿದ ಮಮತಾ ಕೂಗಲಿಲ್ಲ. ಅಳಲಿಲ್ಲ. ಹೊಸ್ತಿಲ ಮೇಲೆ ಕುಳಿತುಬಿಟ್ಟಳು.

“ಯಾರೂ ಮುಟ್ಟಬ್ಯಾಡ್ರಿ,” ಎಂದರು ಸರ್ದಾರಬಿ. “ಉಸುರು ಸೈತ ದೂರ ಬಿಡ್ರಿ.”

ಸರ್ದಾರಬಿ ಲಿಂಗಸುಗೂರಿನವರು. ಮೂವತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು. ಹಳೆಯ ಕಳ್ಳರ ಮುಖಗಳು ಇನ್ನೂ ತಲೆಯಲ್ಲಿವೆ, ಕಾಗದಕ್ಕೆ ಇಳಿಸಬೇಕು ಎಂದು ಚಿತ್ರ ಕಲಿಯಲು ಬಂದಿದ್ದರು. ಎಂಟು ತಿಂಗಳಾದರೂ ಅವರ ಕಳ್ಳರೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದರು. ನನ್ನ ಚಿತ್ರಗಳು ಯಾರ ಮಕ್ಕಳಂತೆಯೂ ಕಾಣುತ್ತಿರಲಿಲ್ಲ. ನಾನು ಹನುಮಂತರಾಯ; ಸಿಂಧನೂರಿನಿಂದ ಜಿಲ್ಲಾ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತೇನೆ.

ಕ್ಲಾಸು ನಡೆಯುವುದು ಸಿಂಧನೂರಿನ ಮಸ್ಕಿ ರಸ್ತೆಯಲ್ಲಿ, ಬೀಜ-ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ. ಶನಿವಾರ ಸಂಜೆ ನಾಲ್ಕರಿಂದ ಆರು, ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು. ಕಲಿಸುವವರು ಸಿದ್ದರಾಮೇಶ ಮಾಸ್ತರು, ಹೈಸ್ಕೂಲಿನ ನಿವೃತ್ತ ಡ್ರಾಯಿಂಗ್ ಮಾಸ್ತರು, ಅವರೂ ಲಿಂಗಸುಗೂರಿನವರೇ. ಕಲಿಯುವವರು ಐದೇ ಮಂದಿ. ಸರ್ದಾರಬಿ, ನಾನು, ಝೆರಾಕ್ಸ್ ಅಂಗಡಿಯ ಮಮತಾ, ಬೋರ್ಡು ಬರೆಯುವ ಗಾದಿಲಿಂಗ, ಬ್ಯೂಟಿ ಪಾರ್ಲರಿನ ರೇಣುಕಾದೇವಿ. ಐದು ಮಂದಿಯೂ ಮೂವತ್ತು ದಾಟಿದವರು. ಐದು ಮಂದಿಯೂ ಮನುಷ್ಯರ ಮುಖ ಮನುಷ್ಯರ ಮುಖದಂತೆ ಬರಲಿ ಎಂದು ಆಸೆಪಟ್ಟವರು. ಬಂದದ್ದು ಒಬ್ಬಳಿಗೆ.

ಕನಕಮ್ಮ ಪಾಮನಕಲ್ಲೂರಿನ ಆದಪ್ಪನ ಹೆಂಡತಿ. ಹೋದ ವರ್ಷ ತೀರಿಕೊಂಡಳು. ಆದಪ್ಪನ ಹತ್ತಿರ ಅವಳ ಫೋಟೊ ಒಂದೇ. ಮಸ್ಕಿಯಲ್ಲಿ ನಡೆದ ಯಾರದೋ ಮದುವೆಯಲ್ಲಿ, ಯಾರದೋ ಹೆಗಲ ಹಿಂದೆ ನಿಂತು ಬೇರೆ ಎಲ್ಲೋ ನೋಡುತ್ತಿರುವ ಮುಖ. ಒಂದು ಕಣ್ಣು ಅರ್ಧ ಕಾಣುತ್ತದೆ. ಇನ್ನೊಂದು ಕಾಣುವುದೇ ಇಲ್ಲ. ಅದನ್ನು ಹಿಡಿದುಕೊಂಡು ಅವನು ಮೂರು ತಿಂಗಳ ಹಿಂದೆ ಮಾಸ್ತರ ಹತ್ತಿರ ಬಂದಿದ್ದ. ಮಾಸ್ತರು ಎರಡು ವಾರದಲ್ಲಿ ಬಿಡಿಸಿಕೊಟ್ಟರು. ಆದಪ್ಪ ನಮ್ಮೆಲ್ಲರ ಎದುರಿಗೆ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ.

“ಬಾಳ ಚಲೋ ಐತ್ರಿ ಸರ್. ಆದ್ರ ಇಕಿ ಯಾರ್ರಿ?”

ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಸ್ತರು. “ಮಮತಾ, ಇದು ನಿನಗ ಅಭ್ಯಾಸಕ್ಕಿರಲಿ,” ಎಂದು ಫೋಟೊವನ್ನು ಅವಳ ಕೈಗೆ ಕೊಟ್ಟರು.

ಅವಳು ಅದನ್ನು ಅಭ್ಯಾಸ ಎಂದುಕೊಳ್ಳಲಿಲ್ಲ. ತನ್ನದೇ ಮಷಿನ್ನಿನಲ್ಲಿ ಫೋಟೊ ದೊಡ್ಡದು ಮಾಡಿದಳು. ಅದರ ಮೇಲೆ ಚೌಕ ಹಾಕಿ, ಚೌಕಕ್ಕೆ ಚೌಕ ಹೊಂದಿಸಿ ಹಾಳೆಗೆ ಇಳಿಸಿದಳು. ಎರಡು ಸಲ ಪಾಮನಕಲ್ಲೂರಿಗೆ ಹೋಗಿ ಕನಕಮ್ಮನ ತಂಗಿಯ ಎದುರಿಗೆ ಕುಳಿತು ಕಣ್ಣು ನೋಡಿ ಬಂದಳು. ಹಿಂದಿನ ದಿನ, ಶನಿವಾರ ಸಂಜೆ ಐದೂವರೆಗೆ, ರಬ್ಬರಿನ ತುದಿಯಿಂದ ಎರಡು ಕಣ್ಣುಗಳಲ್ಲಿ ಬೆಳಕಿನ ಚುಕ್ಕೆ ಎತ್ತಿದಳು. ಕೋಣೆಯೊಳಗೆ ಒಬ್ಬ ಹೆಂಗಸು ಹೆಚ್ಚಾದಳು.

ಆಗ ಯಾರು ಏನೆಂದರು ಎಂಬುದು ನನಗೆ ನೆನಪಿದೆ. “ಹುಬ್ಬು ದಪ್ಪಾತು,” ಎಂದಳು ರೇಣುಕಾದೇವಿ. “ಝೆರಾಕ್ಸ್ ಇದ್ರ ನಾನೂ ತಗೀತಿದ್ದೆ,” ಎಂದ ಗಾದಿಲಿಂಗ. “ಸಾಕು, ಇನ್ನ ಮುಟ್ಟಬ್ಯಾಡ,” ಎಂದರು ಮಾಸ್ತರು. ನಾನು ನನ್ನ ಹಾಳೆಯನ್ನು ಬೋರಲು ಹಾಕಿದೆ. ಸರ್ದಾರಬಿ ಅಂದು ಮುದಗಲ್ಲಿನ ನೆಂಟರ ಮನೆಗೆ ಹೋಗಿದ್ದರು.

ಭಾನುವಾರ ಮಧ್ಯಾಹ್ನ ಎರಡಕ್ಕೆ ಆದಪ್ಪ ಬರುವವನಿದ್ದ. ಸೋಮವಾರ ಕನಕಮ್ಮ ತೀರಿಕೊಂಡ ವರ್ಷದ ದಿನ. ಬಳಗವೆಲ್ಲ ಆ ಚಿತ್ರದ ಎದುರಿಗೆ ಕೂಡಬೇಕಿತ್ತು.

“ಹಾಳಿ ಹೋತು. ಮತ್ತ ತಗದರಾತು,” ಎಂದರು ಮಾಸ್ತರು ಬಾಗಿಲಲ್ಲೇ ನಿಂತು. “ಕಲಿಯೋರ ಚಿತ್ರ. ಇಂಥವು ಹತ್ತು ಕೆಡ್ತಾವ. ಇದಕ್ಕ ಪೊಲೀಸ್ ಗಿಲೀಸ್ ಯಾಕ?”

“ಪೊಲೀಸ್ ಅಲ್ರಿ ಮಾಸ್ತರ, ಗಿಲೀಸ್ ನಾನು,” ಎಂದರು ಸರ್ದಾರಬಿ. “ಪೆನ್ಶನ್‌ದಾಕಿ. ಪೇಪರಪ್ಪ, ಬರ್ಕೋ.”

ಅವರು ನನ್ನನ್ನು ಕರೆಯುವುದೇ ಹಾಗೆ. ಕಂಡದ್ದನ್ನು ಕಂಡಂತೆ ಬರೆದುಕೊಂಡೆ. ಚಿತ್ರದ ಬೋರ್ಡು ಮೇಜಿನ ಮೇಲೆ ಅಂಗಾತ ಇದೆ. ಬಾಗಿಲಿನ ಬೀಗ ಒಡೆದಿಲ್ಲ. ಅಳಿಸಿದ್ದು ಕಣ್ಣು ಮಾತ್ರ. ಮತ್ತೆಲ್ಲೂ ಗೀಚಿಲ್ಲ, ಹರಿದಿಲ್ಲ. ರಬ್ಬರಿನ ಕರಿ ಹೊಟ್ಟು ನಮ್ಮ ಎಡಕ್ಕಿರುವ ಗಲ್ಲದ ಮೇಲೆ ಧೂಳಿನಂತೆ ಬಿದ್ದಿದೆ. ನಮ್ಮ ಬಲಕ್ಕಿರುವ ಗಲ್ಲ ಸ್ವಚ್ಛ. ಎರಡರ ನಡುವೆ, ಮೂಗಿನ ಪಕ್ಕದಲ್ಲಿ, ಸ್ಕೇಲ್ ಇಟ್ಟು ಎಳೆದಂತೆ ನೇರ ಗಡಿ.

ಬರೆದೆ. ಪುಟ ತಿರುವಿದೆ. ಅದರ ಬಗ್ಗೆ ಮತ್ತೆ ಯೋಚಿಸಲಿಲ್ಲ.

“ನಿನ್ನೆ ಕಡೀಕ ಬೀಗ ಹಾಕಿದೋರು ಯಾರು?”

“ನಾನ್ರಿ,” ಎಂದಳು ರೇಣುಕಾದೇವಿ. “ಆರಕ್ಕ ಹಾಕಿ, ಕೆಳಗ ಅಂಗಡಿ ಶಟರ್ ಬಾಜೂ ಮೊಳಿಗೆ ಕೀಲಿಕೈ ನೇತು ಹಾಕಿ ಹೋದ್ನಿ. ದಿನಾ ಹಂಗ ಮಾಡೂದು. ಎಲ್ಲಾರಿಗೂ ಗೊತ್ತೈತಿ.”

“ಆಮ್ಯಾಲೆ?”

“ಪಾರ್ಲರಿಗೆ. ಮದಿಮಗಳು ಬಂದಿದ್ಳು.”

“ನಿನ್ನ ಪಾರ್ಲರ್ ಎಲ್ಲೈತಿ?”

“ಬಾಜೂಕ.”

“ಅಂದ್ರ ಎರಡು ನಿಮಿಷ ಬಂದು ಹೋಗಬಹುದು.”

“ಅರ್ಧ ಮಾರಿಗೆ ಬಣ್ಣ ಹಚ್ಚಿದ ಮದಿಮಗಳನ್ನ ಬಿಟ್ಟು? ಅವರವ್ವ ನನ್ನ ಹರದು ಹಾಕ್ತಿದ್ಳು.”

“ಗಾದಿಲಿಂಗಪ್ಪ, ನೀ?”

“ಜವಳಗೇರಾಕ್ಕ ಹೋಗಿದ್ದೆ. ಟ್ರ್ಯಾಕ್ಟರ್ ಟ್ರಾಲಿಗೆ ಹೆಸರು ಬರಿಯೋದಿತ್ತು. ಆರಕ್ಕ ಬಿಟ್ಟಾಂವ ಸೀದಾ ಹೋದೆ.”

“ಮಾಸ್ತರ, ನೀವು?”

“ಚಹಾ ಕುಡದು ಏಳರ ಲಿಂಗಸುಗೂರ ಬಸ್ಸು. ಮಂದಿ ತುಂಬಿತ್ತು. ನಿಂತ ಹೋದ್ನಿ.”

“ಪೇಪರಪ್ಪ?”

“ನಾನಾ? ಆಫೀಸ್‌ನ್ಯಾಗ. ಎಂಟರತನಾ ಸುದ್ದಿ ಕಳಿಸಾಕತ್ತಿದ್ದೆ.”

“ಸುದ್ದಿ ನೋಡಿ ನಂಬತೀನಿ,” ಎಂದು ಸರ್ದಾರಬಿ ಮೆಟ್ಟಿಲಿಳಿದರು.

ಕೆಳಗೆ ಹಮಾಲಿ ಬಂದೇಸಾಬ ಚೀಲಗಳ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಶನಿವಾರ ಸಂಜೆ ಆರರಿಂದ ಎಂಟರವರೆಗೆ ಗೊಬ್ಬರದ ಲಾರಿ ಖಾಲಿ ಮಾಡಿದ್ದು ಅವನ ತಂಡ.

“ಯಾರು ಮ್ಯಾಲೆ ಹೋದ್ರು, ನೋಡಿದೇನಪ್ಪ?”

“ಬೆನ್ನ ಮ್ಯಾಲೆ ಚೀಲ ಇತ್ತಂದ್ರ ನಾ ಮಂದಿ ಮಾರಿ ನೋಡೂದಿಲ್ಲ ಅಮ್ಮಾ. ಕಾಲು ನೋಡ್ತೀನಿ.”

“ಆತು. ಯಾರ ಕಾಲು ನೋಡಿದಿ?”

“ಆರೂವರಿ ಸುಮಾರಿಗೆ ಒಂದು ಜೋಡಿ ಏರಿತು. ಚಪ್ಪಲಿ ಮ್ಯಾಲೆ ಹಸರು, ಕೆಂಪು ಬಣ್ಣ ಸಿಡದಿತ್ತು. ಸ್ವಲ್ಪ ಹೊತ್ತಿಗೆ ಇಳೀತು.”

“ಆಮ್ಯಾಲೆ?”

“ಆಮ್ಯಾಲೆ ಇನ್ನೊಬ್ರು ಏರಿದಂಗಾತು. ಖರೇ ಹೇಳಬೇಕಂದ್ರ ಮಬ್ಬಾಗಿತ್ತು. ಆಣಿ ಮಾಡಿ ಹೇಳಾಕ ಆಗೂದಿಲ್ಲ.”

ಸಿಂಧನೂರಿನಲ್ಲಿ ಚಪ್ಪಲಿಯ ಮೇಲೆ ಹಸಿರು, ಕೆಂಪು ಬಣ್ಣ ಇರುವವರು ಎಷ್ಟು ಮಂದಿ? ನನಗೆ ಗೊತ್ತಿದ್ದವನು ಒಬ್ಬನೇ. ಮೇಲೆ ಬಂದಾಗ ನಾವಿಬ್ಬರೂ ಒಟ್ಟಿಗೆ ಗಾದಿಲಿಂಗನ ಕಾಲು ನೋಡಿದೆವು. ಅವನೂ ನೋಡಿಕೊಂಡ.

“ಜವಳಗೇರಾ ಇಲ್ಲೇ ಮೆಟ್ಟಿಲ ಮ್ಯಾಲೆ ಐತೇನ್ ಗಾದಿಲಿಂಗಪ್ಪ?”

ಅವನ ಮುಖ ಕಪ್ಪಿಟ್ಟಿತು. ಮಮತಾ ತಲೆ ಎತ್ತಿ ಅವನನ್ನು ನೋಡಿದಳು.

“ಬಂದಿದ್ದೆ. ಖರೇ. ಆದ್ರ ಅಳಿಸಿಲ್ಲ.”

“ಮತ್ಯಾಕ ಬಂದಿದ್ದಿ?”

ಗಾದಿಲಿಂಗ ಜೇಬಿನಿಂದ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟ. ಪರದೆಯ ಮೇಲೆ ಕನಕಮ್ಮ. ಎರಡೂ ಕಣ್ಣು ಇದ್ದ ಕನಕಮ್ಮ. ಫೋಟೊ ತೆಗೆದ ಸಮಯ ಶನಿವಾರ ಸಂಜೆ ಆರು ಮೂವತ್ತೆಂಟು.

“ಇಪ್ಪತ್ತು ವರ್ಷ ಈ ಊರಿನ ಬೋರ್ಡು ಬರದೀನಿ,” ಎಂದ. “ಫ್ಲೆಕ್ಸ್ ಬಂತು, ಬ್ರಶ್ ಮೂಲೀಗೆ ಬಿತ್ತು. ಮಾರಿ ತಗಿಯೋದು ಕಲಿಬೇಕಂತ ಬಂದೆ. ಇಕಿ ಎಂಟು ತಿಂಗಳದಾಗ ಇಂಥ ಕಣ್ಣು ತಗದ್ಳು. ನನಗ ತಡಕೊಳ್ಳಾಕ ಆಗಲಿಲ್ಲ. ಹೆಂಗ ತಗದಾಳ ಅಂತ ಒಬ್ಬನ ನೋಡಾಕ ಬಂದೆ. ಫೋಟೊ ಹೊಡಕೊಂಡೆ. ದೊಡ್ಡದು ಮಾಡಿ ಮಾಡಿ ನೋಡಿದೆ. ಬರಲಿಲ್ಲ. ಅದನ್ನ ನಿಮ್ಮ ಮುಂದ ಹೆಂಗ ಹೇಳ್ಲಿ?”

“ಕಾಪಿ ಹೊಡಕೊಂಡಾನ, ಅಳಿಸ್ಯಾನ,” ಎಂದಳು ರೇಣುಕಾದೇವಿ. “ಇನ್ನೇನ್ ಬೇಕ್ರಿ ಸಾಕ್ಷಿ?”

“ನೀ ಸುಮ್ನಿರಬೇ! ಹುಬ್ಬು ದಪ್ಪಾತು ಅಂದಾಕಿ ನೀನ!” ಎಂದ ಗಾದಿಲಿಂಗ.

“ಅಂದಿನಿ. ದಪ್ಪಾಗಿದ್ದಿಲ್ಲ. ಹೊಟ್ಟಿ ಉರದು ಅಂದಿನಿ,” ಎಂದಳು ಅವಳು, ದನಿ ತಗ್ಗಿಸದೆ. “ಆಕಿ ತಗದ್ರ ಎಲ್ಲಾರೂ ಸುಮ್ಮಗಾಗ್ತಾರ. ನಾ ತಗದ್ರ ಎಲ್ಲಾರೂ ಮಾತಾಡ್ತಾರ. ದಿನಾ ಹತ್ತು ಮಾರಿ ನನ್ನ ಕೈಯಾಗ ಇರ್ತಾವ, ಒಂದ್ ಮಾರೀನೂ ಹಾಳಿ ಮ್ಯಾಲೆ ಬರವೊಲ್ದು. ಹೊಟ್ಟಿ ಉರಿದೂ ಏನ್ ಮಾಡೀತು? ಆದ್ರ ನಾ ಅಳಿಸಿಲ್ಲ. ಬೇಕಾದ್ರ ಆಕೀನ ಅಳಿಸಿರಬೇಕು. ಆದಪ್ಪಜ್ಜ ‘ಇಕಿ ಯಾರು’ ಅಂದಾನು ಅಂತ ಹೆದರಿ.”

ಮಮತಾ ಎದ್ದು ನಿಂತಳು.

ಮಾಸ್ತರು ನಿಟ್ಟುಸಿರು ಬಿಟ್ಟರು. “ನೋಡ್ರಿ ಸರ್ದಾರಬಿ, ಇದಕ್ಕ ಅಂದಿನಿ ಬ್ಯಾಡಂತ. ಐದು ಮಂದಿ ಚಂದಾಗಿ ಕಲಿಯಾಕತ್ತಿದ್ರು. ಕ್ಲಾಸ್ ಒಡೀತದ.”

ಸರ್ದಾರಬಿ ಚಿತ್ರದ ಮೇಲೆ ಬಾಗಿದರು. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ತಮ್ಮ ಬಲ ಅಂಗೈ ನೋಡಿಕೊಂಡರು. ಮತ್ತೆ ಚಿತ್ರ ನೋಡಿದರು.

“ಪೇಪರಪ್ಪ, ಬರದದ್ದು ಓದು.”

ಓದಿದೆ. ಹೊಟ್ಟು, ಗಲ್ಲ, ನೇರ ಗಡಿ.

“ಹ್ಞೂಂ,” ಎಂದರು. “ಎಲ್ಲಾರೂ ಒಂದೊಂದು ಹಾಳಿ ತಗೋರಿ. ಒಂದೊಂದು ಮಾರಿ ಬಿಡಿಸ್ರಿ. ಹೆಂಗರ ಇರಲಿ. ಆಮ್ಯಾಲೆ ಕಣ್ಣು ಅಳಸ್ರಿ. ಮಾಸ್ತರ, ನೀವೂನೂ. ನೀವು ಬಿಟ್ರ ಗಾದಿಲಿಂಗ ನನಗೊಬ್ಬಗ ಯಾಕ ಅಂತಾನ.”

“ನನಗೂ ಪರೀಕ್ಷಾನ?” ಮಾಸ್ತರು ನಕ್ಕರು. ನಕ್ಕು ತಮ್ಮ ಫೈಲು ಬಿಚ್ಚಿದರು.

ಹತ್ತು ನಿಮಿಷ ಎಲ್ಲರೂ ಬಿಡಿಸಿದೆವು. ರಬ್ಬರನ್ನು ಯಾರು ಎಷ್ಟು ಒತ್ತುತ್ತಾರೆ ಎಂದು ಅವರು ನೋಡುತ್ತಿದ್ದಾರೆ ಎಂದುಕೊಂಡು ನಾನು ಬಹಳ ಮೆತ್ತಗೆ ಅಳಿಸಿದೆ. ಸರ್ದಾರಬಿ ರಬ್ಬರ್ ನೋಡಲೇ ಇಲ್ಲ. ಒಬ್ಬೊಬ್ಬರ ಬೆನ್ನ ಹಿಂದೆ ನಿಂತು ಕೈ ಎಲ್ಲಿ ಇದೆ ಎಂದು ನೋಡಿ ಮುಂದೆ ಹೋದರು. ಮಾಸ್ತರ ಹಿಂದೆ ನಿಂತವರು ಅಲ್ಲೇ ನಿಂತರು.

“ಸಾಕು,” ಎಂದರು. “ಯಾರೂ ಕೈ ಅಲುಗಿಸಬ್ಯಾಡ್ರಿ. ನಿಮ್ಮ ನಿಮ್ಮ ಕೈ ನೋಡ್ಕೋರಿ.”

ನೋಡಿಕೊಂಡೆವು.

“ಗಾದಿಲಿಂಗಪ್ಪ ಬೋರ್ಡಿನ ಮನಿಷಾ. ಹಸಿ ಬಣ್ಣದ ಮ್ಯಾಲೆ ಕೈ ಊರಿದ್ರ ಕೆಲಸ ಕೆಡ್ತದ. ಅದಕ್ಕ ಎಡ ಮುಷ್ಟಿ ಊರಿ, ಅದರ ಮ್ಯಾಲೆ ಬಲ ಮಣಿಕಟ್ಟು ಇಟ್ಟಾನ. ಆತನ ಅಂಗೈ ಹಾಳಿ ಮುಟ್ಟೂದ ಇಲ್ಲ. ಆತ ಅಳಿಸಿದ್ರ ಹೊಟ್ಟು ಎರಡೂ ಗಲ್ಲದ ಮ್ಯಾಲೆ ಬೀಳ್ತದ. ರೇಣುಕಾ, ನಿನ್ನ ಅಂಗೈ ನೋಡು.”

ರೇಣುಕಾದೇವಿಯ ಅಂಗೈ ಅಂಚು ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಕರಿ. ಅವಳು ಬಿಡಿಸಿದ ಮುಖದ ಬಲ ಗಲ್ಲವೂ ಕರಿ. ನನ್ನದೂ ಹಾಗೇ. ಸರ್ದಾರಬಿ ತಮ್ಮ ಅಂಗೈಯನ್ನೂ ತೋರಿಸಿದರು.

“ಮೊದಲ್ನೇ ದಿನಾನ ಮಾಸ್ತರು ಹೇಳಿದ್ರು, ಕೈ ಕೆಳಗ ಒಂದು ಹಾಳಿ ಇಟ್ಕೋರಿ, ಪೆನ್ಸಿಲ್ ಹರಡೂದಿಲ್ಲ ಅಂತ. ನಾವು ಮೂರೂ ಮಂದಿ ಎಂಟು ತಿಂಗಳಾತು ಮರೀತೀವಿ, ಬೈಸಿಕೊಳ್ತೀವಿ. ನಾವು ಅಳಿಸಿದ್ರ ಕನಕಮ್ಮನ ಗಲ್ಲ ಮಸಿ ಆಗಿರತಿತ್ತು. ಆಗಿಲ್ಲ. ಕಣ್ಣು ಕೀಳಾಕ ಬಂದಾಂವ ಗಲ್ಲ ಕೆಡಬಾರ್ದಂತ ಹಾಳಿ ಇಟ್ಟಾನ. ಒಂದು ಕಣ್ಣಿನ ಹೊಟ್ಟು ಗಲ್ಲಕ್ಕ ಬಿತ್ತು. ಇನ್ನೊಂದರದು ಹಾಳಿ ಮ್ಯಾಲೆ ಬಿತ್ತು, ಹಾಳಿ ಕೂಡ ಹೋತು. ಆ ನೇರ ಗೆರಿ ಬ್ಯಾರೇನಲ್ಲ, ಹಾಳಿ ಅಂಚು.”

“ಮಮತಾನೂ ಹಾಳಿ ಇಟ್ಕೊಳ್ತಾಳ!” ಎಂದಳು ರೇಣುಕಾದೇವಿ.

“ಇಟ್ಕೊಳ್ತಾಳ. ಎಲ್ಲೈತಿ ನೋಡು.”

ಮಮತಾ ಎಡಗೈಯವಳು. ಅವಳ ಹಾಳೆ ಮುಖದ ಎಡಕ್ಕಿತ್ತು.

“ಆಕಿ ಅಳಿಸಿದ್ರ ಎಡ ಗಲ್ಲ ಸ್ವಚ್ಛ ಇರಬೇಕಿತ್ತು. ಇಲ್ಲಿ ಸ್ವಚ್ಛ ಇರೋದು ಬಲ. ಹಾಳಿ ಇಡೋ ರೂಢಿ ಇದ್ದ ಬಲಗೈಯಾಂವ. ಈ ಕೋಣಿಯಾಗ ಅಂಥಾಂವ ಒಬ್ಬ.”

ಯಾರೂ ಮಾಸ್ತರ ಕಡೆ ನೋಡಲಿಲ್ಲ. ಎಲ್ಲರೂ ಅವರ ಕೈ ನೋಡಿದೆವು. ಬಲ ಅಂಗೈ ಕೆಳಗೆ ಅರ್ಧ ಡ್ರಾಯಿಂಗ್ ಶೀಟು, ಅಂಚು ನೇರ. ಫೈಲು ಬಿಚ್ಚಿದ ಕೂಡಲೇ, ಯೋಚಿಸದೆ, ಕೈ ತಾನಾಗಿ ತೆಗೆದಿಟ್ಟ ಹಾಳೆ.

“ನಲವತ್ತು ವರ್ಷದ ರೂಢಿ,” ಎಂದರು ಮಾಸ್ತರು. ದನಿ ಮಾತ್ರ ಬೇರೆಯಾಗಿತ್ತು. “ರೂಢಿ ಒಂದು ಸಾಕ್ಷಿ ಆಗ್ತದೇನು?”

“ಆಗೂದಿಲ್ರಿ. ಆ ಹಾಳಿ ನೀವು ಬಿಸಾಕಿಲ್ಲ, ಅದು ಸಾಕ್ಷಿ. ಕೈ ಸ್ವಲ್ಪ ಎತ್ತತೀರೇನು?”

ಅವರು ಕೈ ಎತ್ತಲು ಬಹಳ ಹೊತ್ತು ಹಿಡಿಯಿತು. ಸರ್ದಾರಬಿ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಮಗುಚಿದರು.

ಮೆತ್ತನೆ ಪೆನ್ಸಿಲ್ಲಿನ ಚಿತ್ರದ ಮೇಲೆ ಕಾಗದವಿಟ್ಟು ಒತ್ತಿದರೆ ಸ್ವಲ್ಪ ಕರಿ ಆ ಕಾಗದಕ್ಕೆ ಏಳುತ್ತದೆ. ಹಾಳೆಯ ಕೆಳಮೈಯಲ್ಲಿ ಬೂದಿಯಂಥ ಒಂದು ಗಲ್ಲ ಎದ್ದಿತ್ತು, ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿ. ಅಂಚಿನಲ್ಲಿ ಒಂದು ಮೂಗಬಟ್ಟು. ನಾನು ಎಣಿಸಿದೆ. ಏಳು ಹರಳು.

ಗಾದಿಲಿಂಗ ಕುಳಿತಲ್ಲಿಂದ ಎದ್ದ. “ಸರ್... ನಿಮಗ್ಯಾಕ್ರಿ? ನಮಗಾದ್ರ ಬರೂದಿಲ್ಲ, ಹೊಟ್ಟಿ ಉರೀತು. ನಿಮಗ್ಯಾಕ?”

ಸಿದ್ದರಾಮೇಶ ಮಾಸ್ತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“‘ಇಕಿ ಯಾರ್ರಿ’ ಅಂದ. ನೀವು ನಕ್ಕೀರಿ. ನಾನೂ ನಕ್ಕಿನಿ. ಎಷ್ಟು ಮಂದೀಗೆ ಕಲಿಸೀನಿ, ಎಷ್ಟು ಮಾರಿ ತಗದೀನಿ! ಅಳತಿ ತಪ್ಪಿಲ್ಲ, ನೆರಳು ತಪ್ಪಿಲ್ಲ. ಒಂದರಾಗೂ ಮನಿಷಾ ಬಂದಿಲ್ಲ. ಅದು ನನಗ ಮೊದಲಿಂದ ಗೊತ್ತಿತ್ತು. ಬ್ಯಾರೇದೋರಿಗೆ ಗೊತ್ತಿದ್ದಿಲ್ಲ. ನಿನ್ನೆ ಇಕಿ ಆ ಚುಕ್ಕಿ ಎತ್ತಿದ್ಳು ನೋಡ್ರಿ... ಚಹಾ ಕುಡಿಯಾಕ ಹೋದ್ನಿ, ಕುಡೀಲಿಲ್ಲ. ತಿರುಗಿ ಬಂದ್ನಿ.”

ಅಷ್ಟು ಹೊತ್ತು ಬಾಯಿ ಬಿಡದಿದ್ದ ಮಮತಾ ಆಗ ಮಾತಾಡಿದಳು. ಅವಳು ಕೇಳಿದ್ದು ನಾನು ನಿರೀಕ್ಷಿಸಿದ್ದ ಪ್ರಶ್ನೆಯಲ್ಲ.

“ಸರ್, ಕಣ್ಣಿನಾಗ ಎಲ್ಲೆರ ತಪ್ಪಿತ್ತೇನ್ರಿ?”

“ಹುಡುಕಿದ್ನಿ,” ಎಂದರು ಮಾಸ್ತರು. “ರಬ್ಬರ್ ಹಿಡಕೊಂಡು ಬಾಳ ಹೊತ್ತು ಹುಡುಕಿದ್ನಿ. ಒಂದು ತಪ್ಪು ಸಿಕ್ಕಿದ್ರ ತಿದ್ದಿ ಹೋಗತಿದ್ದೆ. ಸಿಗಲಿಲ್ಲ.”

ಅವರು ಫೈಲು ಕಟ್ಟಿಕೊಂಡು ಎದ್ದರು.

“ಹೋಗಬ್ಯಾಡ್ರಿ,” ಎಂದಳು ಮಮತಾ. “ಎರಡಕ್ಕ ಆದಪ್ಪಜ್ಜ ಬರ್ತಾನ. ಏನಾತು ಅಂತ ಆತಗ ನೀವ ಹೇಳ್ರಿ.”

ಆಗ ಗಡಿಯಾರದಲ್ಲಿ ಹನ್ನೊಂದೂಮುಕ್ಕಾಲು. ಜುಂಗೆದ್ದ ಹಾಳೆ ಮತ್ತೆ ಪೆನ್ಸಿಲ್ ಹಿಡಿಯುವಂತಿರಲಿಲ್ಲ. ಗಾದಿಲಿಂಗ ಯಾರೂ ಹೇಳದೆ ಹೊಸ ಹಾಳೆ ಹಾಸಿ, ಸ್ಕೇಲ್ ಹಿಡಿದು ಚೌಕ ಎಳೆಯತೊಡಗಿದ. ಕೂದಲೆಳೆಯಷ್ಟೂ ತಪ್ಪದ ಗೆರೆಗಳು. ಅದು ಅವನ ಕೈ. ತನ್ನ ಮೊಬೈಲಿನಲ್ಲಿ ಕನಕಮ್ಮನ ಕಣ್ಣು ದೊಡ್ಡದು ಮಾಡಿ ಮಮತಾಳ ಮುಂದೆ ನಿಲ್ಲಿಸಿದ. ರೇಣುಕಾದೇವಿ ಪೆನ್ಸಿಲ್ ಚೂಪು ಮಾಡಿ ಮಾಡಿ ಕೊಟ್ಟಳು. ನಾನು ಕಿಟಕಿಯ ಪರದೆ ಸರಿಸಿದೆ. ಚಿತ್ರದ ವಿಷಯದಲ್ಲಿ ನಾನು ಮಾಡಬಲ್ಲದ್ದು ಅಷ್ಟೇ. ಮಾಸ್ತರು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರು.

ಎಂಟು ತಿಂಗಳು ಅವರು ಕಲಿಸಿದ ಕ್ರಮ ಹೀಗಿತ್ತು: ಮೊದಲು ಮುಖದ ಸುತ್ತುಗೆರೆ, ಆಮೇಲೆ ಮೂಗು, ಬಾಯಿ, ಕಣ್ಣು ಕೊನೆಗೆ. ಮಮತಾ ಆ ದಿನ ಕಣ್ಣಿನಿಂದ ಶುರು ಮಾಡಿದಳು.

ಆದಪ್ಪ ಎರಡು ಗಂಟೆ ಹತ್ತು ನಿಮಿಷಕ್ಕೆ ಬಂದ. ಕೈಯಲ್ಲಿ ಚಿತ್ರ ಸುತ್ತಿಕೊಳ್ಳಲು ಒಗೆದ ಬಿಳಿ ಪಂಚೆ. ಹಾಳೆಯ ಮೇಲೆ ಆಗ ಇದ್ದದ್ದು ಎರಡು ಕಣ್ಣು, ಮೂಗು, ಮೂಗಬಟ್ಟಿನ ಮೂರು ಹರಳು. ಅವನು ಮೇಜಿನ ಹತ್ತಿರ ಬಂದವನು ನಿಂತೇಬಿಟ್ಟ.

“ಏನ್ಬೇ,” ಎಂದ ಮೆಲ್ಲಗೆ. ನಮಗಲ್ಲ. “ಹಂಗ್ಯಾಕ ನೋಡಾಕತ್ತಿ?”

ರೇಣುಕಾದೇವಿ ಮುಖ ತಿರುಗಿಸಿದಳು.

“ಅಜ್ಜ, ಸಂಜಿ ಬಸ್ಸಿಗೆ ಹೋಗು. ಅಷ್ಟೊತ್ತಿಗೆ ಮುಗಿಸ್ತೀನಿ,” ಎಂದಳು ಮಮತಾ, ಕೈ ನಿಲ್ಲಿಸದೆ.

ಆದಪ್ಪ ಕಣ್ಣೊರೆಸಿಕೊಂಡು ಸುತ್ತ ನೋಡಿದ. ಮೂಲೆಯಲ್ಲಿ ಮಾಸ್ತರು ಕಂಡರು. “ಸರ್, ಇದೆಲ್ಲಾ ನೀವ ಕಲಿಸಿದ್ದೇನ್ರಿ?”

ಮಾಸ್ತರು ಎದ್ದು ನಿಂತರು. ಸರ್ದಾರಬಿ ನನ್ನ ಕಡೆ ನೋಡಿದರು. ನಾನು ಪೆನ್ನು ಮುಚ್ಚಿದೆ.

“ಕೈ ಎಲ್ಲಿಡಬೇಕು ಅನ್ನೂದಷ್ಟ ನಾ ಕಲಿಸೀನಿ,” ಎಂದರು. “ಕಣ್ಣು ಆಕೀದು. ನಿನ್ನೆ ಮುಗಿಸಿದ್ಳು ಆದಪ್ಪ. ಸಂಜಿಗೆ ಬಂದು ಅಳಿಸಿದಾಂವ ನಾನು.”

ಆದಪ್ಪ ಮಾಸ್ತರನ್ನು ನೋಡಿದ, ಹಾಳೆಯನ್ನು ನೋಡಿದ. ಆಮೇಲೆ ಪಂಚೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಆ ಕಣ್ಣುಗಳಿಗೆ ಎದುರಾಗಿ ಮೇಜಿನ ಮುಂದೆ ಕುಳಿತ.

“ಅಳಿಸಿದ್ರೂ ಬಂದಾಳಲ್ರಿ,” ಎಂದ.